ಲಿಫ್ಟಣ್ಣನ ಎರಡು ಹೊಟ್ಟೆ

ಅಲುಗಾಡದೆ ನಿಲ್ಲುವುದೂ ಒಂದು ವಿದ್ಯೆ. ನಂಬಿಕೆ ಬರದವರು ಆ ವೈದ್ಯಕೀಯ ಕಾಲೇಜಿನ ಹಳೆಯ ಲಿಫ್ಟಿನಲ್ಲಿ ಒಮ್ಮೆ ಮೇಲೆ ಹೋಗಿ ಕೆಳಗೆ ಬರಬೇಕಿತ್ತು. ಮೂಲೆಯಲ್ಲಿ, ಗುಂಡಿಗಳ ಪಕ್ಕದಲ್ಲಿ, ಗೋಡೆಗೆ ಹೊಡೆದ ಮೊಳೆಯ ಹಾಗೆ ಲಿಫ್ಟಣ್ಣ ನಿಂತಿರುತ್ತಿದ್ದ. ಜನ ತುಂಬಿದಷ್ಟೂ ಹೊಟ್ಟೆಯನ್ನು ಒಳಗೆ ಎಳೆದುಕೊಂಡು ಇನ್ನೊಬ್ಬರಿಗೆ ಜಾಗ ಮಾಡಿಕೊಡುತ್ತಿದ್ದ. ಅವನ ಹೊಟ್ಟೆಯೇನು ಸಣ್ಣದಲ್ಲ, ಆದರೆ ಕೆಲಸದ ಹೊತ್ತಿನಲ್ಲಿ ಅದನ್ನು ಕಂಡವರಿಲ್ಲ. ಎಲ್ಲರೂ ಇಳಿದು ಬಾಗಿಲು ಮುಚ್ಚಿದ ಮೇಲೆ ಅದನ್ನು ಹೊರಗೆ ಬಿಡುತ್ತಿದ್ದ, ಮುಂದಿನ ಮಹಡಿಯಲ್ಲಿ ಬಾಗಿಲು ತೆರೆಯುವಷ್ಟರಲ್ಲಿ ಮತ್ತೆ ಒಳಗೆ. ಇಷ್ಟು ವರ್ಷಗಳಲ್ಲಿ ಅದು ಎಷ್ಟು ಅಭ್ಯಾಸವಾಗಿತ್ತೆಂದರೆ, ಸುತ್ತ ನಾಲ್ಕು ಜನ ನಿಂತರೆ ಸಾಕು, ಅವನನ್ನು ಕೇಳದೆಯೇ ಹೊಟ್ಟೆ ತಾನಾಗಿ ಒಳಗೆ ಹೋಗುತ್ತಿತ್ತು.

ಅವನನ್ನು ಹೀಗೆ ಗಮನಿಸಿದವರು ಅಂಗರಚನಾ ವಿಭಾಗದ ಮುಖ್ಯಸ್ಥೆ. ಕಾಲೇಜಿನಲ್ಲಿ ಅವರನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತಿದ್ದರು. ಒಂದು ದಿನ ಮೇಡಂ ಲಿಫ್ಟಿನಲ್ಲಿ ಅವನನ್ನೇ ನೋಡುತ್ತ ನಿಂತು ತಮ್ಮ ಮಹಡಿಯನ್ನೇ ದಾಟಿ ಹೋದರು.

"ಏನಪ್ಪಾ, ನೀನು ಉಸಿರಾಡ್ತೀಯೋ ಇಲ್ವೋ?"

"ಬೇಕಾದಾಗ ಆಡ್ತೀನಿ ಮೇಡಂ."

ಮೇಡಂಗೆ ಅಂಥವನೇ ಬೇಕಿತ್ತು. ಅವರು ಮೂರು ಆಯಾಮದ ಒಂದು ಸಾಫ್ಟ್‌ವೇರ್ ಮಾಡಿಸುತ್ತಿದ್ದರು. ಒಬ್ಬ ಬದುಕಿರುವ ಮನುಷ್ಯನನ್ನು ಅಡಿಯಿಂದ ಮುಡಿಯವರೆಗೆ ಸ್ಕ್ಯಾನ್ ಮಾಡಿ, ಅವನ ಒಳಗನ್ನೆಲ್ಲ ಮೇಜಿನಷ್ಟು ಅಗಲದ ಪರದೆಯ ಮೇಲೆ ತರುವ ಕೆಲಸ. ಮೊದಲು ಮಲಗಿಸಿದ ಕಟ್ಟುಮಸ್ತಾದ ಕುಸ್ತಿಪಟು ಯಂತ್ರದೊಳಗೆ ಹೋದೊಡನೆ ಅಳತೊಡಗಿದನಂತೆ. ಎರಡನೆಯವನು ಸೀನಿದ್ದರಿಂದ ಪರದೆಯ ಮೇಲೆ ಅವನ ಹೊಟ್ಟೆಯಲ್ಲಿ ಎರಡು ಲಿವರ್ ಮೂಡಿದವಂತೆ. ಲಿಫ್ಟಣ್ಣ ಮಾತ್ರ ಕಲ್ಲಿನಂತೆ ಮಲಗಿದ. ಸುತ್ತ ಬಿಳಿ ಕೋಟಿನವರ ಒಂದು ದಂಡೇ ನಿಂತಿತ್ತು. ಹೊಟ್ಟೆ ತನ್ನ ಪಾಡಿಗೆ ತಾನು ಒಳಗೆ ಹೋಯಿತು. ಯಾರಿಗೂ ಅದು ಗೊತ್ತಾಗಲಿಲ್ಲ. ಅವನಿಗೂ ಗೊತ್ತಾಗಲಿಲ್ಲ.

ಹೀಗೆ ಕಾಲೇಜಿನ ಆದರ್ಶ ಮನುಷ್ಯನಾಗಿ ಲಿಫ್ಟಣ್ಣ ಪರದೆಯ ಮೇಲೆ ಹುಟ್ಟಿದ. ಬೆರಳಿಂದ ಸವರಿದರೆ ಚರ್ಮ ಸರಿಯುತ್ತಿತ್ತು, ಇನ್ನೊಮ್ಮೆ ಸವರಿದರೆ ಮಾಂಸಖಂಡ. ಎರಡು ಬೆರಳು ಅಗಲಿಸಿದರೆ ಕಿಡ್ನಿ ಕುಂಬಳಕಾಯಿಯಷ್ಟು ದೊಡ್ಡದಾಗುತ್ತಿತ್ತು. ಯಾವ ಭಾಗವನ್ನಾದರೂ ಎರಡು ಸಲ ತಟ್ಟಿದರೆ ಅದರ ಹೆಸರು ಪಕ್ಕದಲ್ಲೇ ಮೂಡುತ್ತಿತ್ತು. ಏನಾದರೂ ತಪ್ಪಾಗಿ ಕುಯ್ದರೆ ಒಂದು ಗುಂಡಿ ಒತ್ತಿ ಮತ್ತೆ ಮೊದಲಿನ ಹಾಗೆ ಮಾಡಬಹುದಿತ್ತು. ಹೆಣ ಇಡುತ್ತಿದ್ದ ಕೋಣೆಗೆ ಬೀಗ ಬಿತ್ತು. ವಾಸನೆ ಇಲ್ಲ, ಹೆದರಿಕೆ ಇಲ್ಲ, ಕೈ ತೊಳೆಯುವ ರಗಳೆ ಇಲ್ಲ.

ಲಿಫ್ಟಣ್ಣನಿಗೆ ಕೋಡು ಮೂಡಿತು. ಮೂಡದೆ ಇರುತ್ತದೆಯೆ? ಲಿಫ್ಟು ಹತ್ತಿದ ಹುಡುಗರು, "ಅಣ್ಣಾ, ನಿನ್ನೆ ಪರೀಕ್ಷೆಗೆ ನಿಮ್ಮ ಎಡಗಡೆ ಕಿಡ್ನಿ ಬಂದಿತ್ತು. ಪುಣ್ಯಾತ್ಮ, ಪಾಸಾದೆ!" ಎನ್ನುತ್ತಿದ್ದರು. ಹುಡುಗಿಯರು, "ಅಣ್ಣಾ, ನಿಮ್ಮ ಮೇದೋಜೀರಕ ಎಷ್ಟು ಚೆನ್ನಾಗಿದೆ" ಎಂದು ಹೊಗಳುತ್ತಿದ್ದರು. ತನ್ನ ಮೇದೋಜೀರಕ ಎಲ್ಲಿದೆ ಎಂದು ಅವನಿಗೆ ತಿಳಿಯದು, ಆದರೂ ನಾಚಿಕೊಳ್ಳುತ್ತಿದ್ದ. ಮನೆಯಲ್ಲಿ ಹೆಂಡತಿಯ ಮುಂದೆ ಇದನ್ನೆಲ್ಲ ಹೇಳಿಕೊಂಡರೆ ಅವಳು ಪಾತ್ರೆ ತೊಳೆಯುತ್ತಲೇ ಉತ್ತರ ಕೊಡುತ್ತಿದ್ದಳು.

"ಊರಿನ ಮಕ್ಕಳಿಗೆಲ್ಲ ನಿಮ್ಮ ಒಳಗು ಗೊತ್ತು. ಸಾಯಂಕಾಲ ಬರ್ತಾ ಸೋಪು ತರ್ತೀರೋ ಇಲ್ವೋ ಅನ್ನೋದು ಮಾತ್ರ ಇನ್ನೂ ಯಾರಿಗೂ ಗೊತ್ತಾಗಿಲ್ಲ."

ಇಡೀ ಕಾಲೇಜಿನಲ್ಲಿ ಲಿಫ್ಟಣ್ಣನ ಒಳಗನ್ನು ಅರಿಯದವಳು ಒಬ್ಬಳೇ ಇದ್ದಳು. ಅವಳು ಅವನ ಸ್ವಂತ ಅಕ್ಕನ ಮಗಳು. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳಿದ್ದಾರೆಯೆ? ಓದುವುದರಲ್ಲಿ ಅವಳೇನೂ ಹಿಂದಿರಲಿಲ್ಲ. ಆದರೆ ಅವಳ ಅಂಗೈ ಸದಾ ಬೆವರುತ್ತಿತ್ತು, ಒದ್ದೆ ಬೆರಳು ಎಂದರೆ ಆ ಪರದೆಗೆ ಆಗದು. ಲಿವರ್ ತೆರೆಯಲು ಹೋದರೆ ಮೊಣಕಾಲು ತಿರುಗುತ್ತಿತ್ತು. ಹೃದಯವನ್ನು ತಟ್ಟಿದರೆ 'ಹಿಮ್ಮಡಿ' ಎಂದು ಹೆಸರು ಬರುತ್ತಿತ್ತು. ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದಳು. ಅತ್ತೆ, ಅಂದರೆ ಲಿಫ್ಟಣ್ಣನ ಹೆಂಡತಿ, ಅವಳಿಗೆ ರಾಶಿ ಕರವಸ್ತ್ರ ಹೊಲಿದುಕೊಟ್ಟಳು, ಮೇಡಂ ದಿನವೂ, "ಕೈ ಒರೆಸ್ಕೋ, ಕೈ ಒರೆಸ್ಕೋ" ಎಂದು ಗದರಿಸಿದರು. ಕೊನೆಗೆ ಬೇಸತ್ತು, ಬೇರೆಯವರು ಮುಟ್ಟಿದ ಮೇಲೆ ಪರದೆ ಒರೆಸುವ ಕೆಲಸವನ್ನು ಅವಳಿಗೆ ವಹಿಸಿದರು.

ಇತ್ತ ಪಾಸಾದವರೆಲ್ಲ ಅದೇ ಕಟ್ಟಡದ ಆಸ್ಪತ್ರೆಯಲ್ಲಿ ಡಾಕ್ಟರುಗಳಾದರು. ಆಗ ಆಸ್ಪತ್ರೆಯಲ್ಲಿ ಒಂದು ವಿಚಿತ್ರ ಪದ್ಧತಿ ಶುರುವಾಯಿತು. ಬಂದ ರೋಗಿಗಳಿಗೆಲ್ಲ ಮೊದಲ ಮಾತು: "ಹೊಟ್ಟೆ ಒಳಗೆ ಎಳ್ಕೊಳ್ಳಿ." ಎಳೆದುಕೊಂಡರೆ ಮಾತ್ರ ಒಳಗಿನ ಸಾಮಾನುಗಳು ಅವರು ಕಲಿತ ಜಾಗಕ್ಕೆ ಬರುತ್ತಿದ್ದವು. ಬಿಟ್ಟರೆ ಎಲ್ಲವೂ ಕೆಳಗೆ. ಹೀಗೇಕೆ ಎಂದು ಒಬ್ಬರೂ ಕೇಳಲಿಲ್ಲ, ಈ ಊರಿನವರ ದೇಹವೇ ಸ್ವಲ್ಪ ಜಾರಿದೆ ಎಂದುಕೊಂಡರು. ತುಂಬು ಬಸುರಿಗೂ ಎಳೆದುಕೊಳ್ಳಲು ಹೇಳಿದರು. ಒಬ್ಬ ಅಜ್ಜಿ, "ಎಳ್ಕೊಳ್ಳೋ ಶಕ್ತಿ ಇದ್ದಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ ಮಗಾ?" ಎಂದು ಎದ್ದು ಹೋದಳು.

ಹೀಗಿರುವಾಗ ಲಿಫ್ಟಣ್ಣನಿಗೆ ಹೊಟ್ಟೆನೋವು ಬಂತು.

ಮೊದಲು ಹೊಕ್ಕುಳ ಸುತ್ತ ಇತ್ತು. ಮರುದಿನ ಬಲಗಡೆ ಕೆಳಕ್ಕೆ ಇಳಿದು ಅಲ್ಲೇ ಬಿಡಾರ ಹೂಡಿತು. ಜನ ತುಂಬಿ ಹೊಟ್ಟೆ ಒಳಗೆ ಹೋದಾಗಲೆಲ್ಲ ಜೀವ ಹೋದಂತಾಗುತ್ತಿತ್ತು. ಅವನು ಲಿಫ್ಟನ್ನು ಎರಡನೇ ಮಹಡಿಯಲ್ಲಿ ನಿಲ್ಲಿಸಿ, ತಾನೇ ದಿನವೂ ಮೇಲೆ ಕೆಳಗೆ ಹೊತ್ತ ಹುಡುಗನೊಬ್ಬನ ಮುಂದೆ ಹೋಗಿ ಮಲಗಿದ. ಈಗ ಆ ಹುಡುಗ ಡಾಕ್ಟರು.

ಆ ಡಾಕ್ಟರು ಹೊಟ್ಟೆಯ ಮೇಲೆ ಒಂದು ಬೆರಳಿಂದ ಸವರಿದ. ಕಾದ. ಇನ್ನೊಮ್ಮೆ ಸ್ವಲ್ಪ ಒತ್ತಿ ಸವರಿದ. ಚರ್ಮ ಇದ್ದಲ್ಲೇ ಇತ್ತು. ಎರಡು ಸಲ ತಟ್ಟಿ ಪಕ್ಕದ ಗಾಳಿಯನ್ನು ನೋಡಿದ, ಯಾವ ಹೆಸರೂ ಮೂಡಲಿಲ್ಲ. ಆಮೇಲೆ ನಾಚಿಕೊಂಡು ಕೆಮ್ಮಿದ.

"ಅಣ್ಣಾ, ನಿಮ್ಮದು ನನಗೆ ಬಾಯಿಪಾಠ. ಅಪೆಂಡಿಕ್ಸ್ ಅಂದ್ರೆ ಇಲ್ಲಿ," ಎಂದು ಪಕ್ಕೆಲುಬಿನ ಹತ್ತಿರ ಒತ್ತಿದ. "ಇಲ್ಲಿ ನೋವಿದೆಯಾ?"

"ಇಲ್ಲಪ್ಪ. ಇನ್ನೂ ಕೆಳಗೆ."

"ಕೆಳಗೆ ನಿಮಗೆ ಏನೂ ಇಲ್ಲ ಅಣ್ಣಾ. ಕೊನೇ ವರ್ಷದ ಪರೀಕ್ಷೇಲಿ ನಾನೇ ಬಿಚ್ಚಿ ನೋಡಿದೀನಿ."

"ಮತ್ತೆ ನೋಯ್ತಾ ಇರೋದು ಏನು?"

ಡಾಕ್ಟರು ಮೇಜಿನ ಖಾನೆ ಎಳೆದ. "ನೋವು ಇದೆ. ಆದ್ರೆ ಅದು ತಪ್ಪು ಜಾಗದಲ್ಲಿದೆ," ಎಂದು ಹೇಳಿ ಗ್ಯಾಸಿನ ಮಾತ್ರೆ ಕೊಟ್ಟ.

ಲಿಫ್ಟಣ್ಣ ಆ ಮಾತ್ರೆಯನ್ನು ಹಿಡಿದುಕೊಂಡು ಲಿಫ್ಟಿಗೆ ಬಂದ. ಬಾಗಿಲು ಮುಚ್ಚಿತು, ಹೊಟ್ಟೆ ಕೆಳಗೆ ಬಂತು, ಅದರ ಹಿಂದೆಯೇ ಅವನ ಬುದ್ಧಿಯೂ ಜಾಗಕ್ಕೆ ಬಂತು. ಆ ದಿನ, ಯಂತ್ರದೊಳಗೆ, ಬಿಳಿ ಕೋಟಿನವರ ನಡುವೆ, ತನ್ನ ಹೊಟ್ಟೆ ಎಲ್ಲಿತ್ತು? ಒಂದೇ ಉಸಿರಿಗೆ ಮೇಡಂ ಕೋಣೆಗೆ ಹೋಗಿ ಹೇಳಿಬಿಟ್ಟ.

"ಮೇಡಂ, ಅವತ್ತು ನಾನು ಹೊಟ್ಟೆ ಎಳ್ಕೊಂಡಿದ್ದೆ ಅನ್ಸುತ್ತೆ. ಬೇಕಂತ ಅಲ್ಲ. ಜನ ಇದ್ರೆ ಅದು ತಾನೇ ಹೋಗುತ್ತೆ."

ಮೇಡಂ ಎದ್ದು ಬಾಗಿಲು ಹಾಕಿದರು. ಅವರ ಮುಖ ನೋಡಿ ಅವನಿಗೇ ಪಾಪ ಅನ್ನಿಸಿತು.

"ಇನ್ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ ಮೇಡಂ. ಆದ್ರೆ ನೋವು..."

"ನೋಡಪ್ಪಾ, ಈ ಹೊಟ್ಟೆ ಮೇಲೆ ಇಷ್ಟು ಮಕ್ಕಳು ಪಾಸಾಗಿ ಹೋಗಿದಾರೆ. ಪಠ್ಯ ಬಂದಿದೆ, ಚಿತ್ರಪಟ ಬಂದಿದೆ. ನಾಳೆ ಬೇರೆ ಕಾಲೇಜಿನವರೆಲ್ಲ ಸಾಫ್ಟ್‌ವೇರ್ ನೋಡೋಕೆ ಬರ್ತಿದಾರೆ. ಈಗ ಎಲ್ಲರ ಅಪೆಂಡಿಕ್ಸೂ ಕೆಳಗಿದೆ ಅಂದ್ರೆ ನಾನು ಏನು ಮಾಡ್ಲಿ? ಇಷ್ಟು ಜನ ಬದಲಾಗೋದಕ್ಕಿಂತ ನೀನೊಬ್ಬ ಹೊಂದ್ಕೊಳ್ಳೋದು ಸುಲಭ ಅಲ್ವಾ? ನಾಳೆ ಪರದೆ ಪಕ್ಕದಲ್ಲಿ ಅಂಗಿ ಬಿಚ್ಚಿ ನಿಂತ್ಕೋ. ಚೆನ್ನಾಗಿ ಎಳ್ಕೊಂಡು ನಿಂತ್ಕೋ."

ಮೇಡಂ ಕೆಟ್ಟವರಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಎಲ್ಲ ಕಚೇರಿಗಳಲ್ಲೂ ಇರುತ್ತಾರೆ, ಆ ಕಚೇರಿಯಲ್ಲಿ ಇವರಿದ್ದರು, ಅಷ್ಟೇ. ಲಿಫ್ಟಣ್ಣನೂ ತಲೆಯಾಡಿಸಿ ಬಂದ. ಮನೆಯಲ್ಲಿ ಹೆಂಡತಿ ಮಾತ್ರ ಕೆಂಡವಾದಳು.

"ಅಂಗೈ ಹುಣ್ಣಿಗೆ ಕನ್ನಡಿ ಯಾಕ್ರೀ? ನೋಯ್ತಾ ಇರೋದು ನಿಮಗೆ, ಅದು ಎಲ್ಲಿ ಅಂತ ಅವರು ಪರದೆ ನೋಡಿ ಹೇಳ್ತಾರಾ? ನಡೀರಿ, ಬೇರೆ ಡಾಕ್ಟ್ರ ಹತ್ರ ಹೋಗೋಣ."

"ಬೇರೆ ಡಾಕ್ಟ್ರು ಎಲ್ಲಿದಾರೆ ಹೇಳು? ಊರಲ್ಲಿರೋರೆಲ್ಲ ನನ್ನನ್ನೇ ಓದಿದವರು. ನಾಳೆ ಒಂದಿನ ಕಳೀಲಿ."

ಮರುದಿನ ಸಭಾಂಗಣ ಕಿಕ್ಕಿರಿದಿತ್ತು. ವೇದಿಕೆಯ ಮೇಲೆ ಪರದೆಯನ್ನು ನೆಟ್ಟಗೆ ನಿಲ್ಲಿಸಿದ್ದರು. ಅದರಲ್ಲಿ ನಗುಮೊಗದ ಲಿಫ್ಟಣ್ಣ, ಪಕ್ಕದಲ್ಲಿ ಜ್ವರದ ಲಿಫ್ಟಣ್ಣ. ಅಷ್ಟು ಜನರನ್ನು ಕಂಡದ್ದೇ ತಡ ಹೊಟ್ಟೆ ಬೆನ್ನಿಗೆ ಹೋಗಿ ಅಂಟಿತು. ಅಕ್ಕನ ಮಗಳು ಒರೆಸುವ ಬಟ್ಟೆ ಹಿಡಿದು ಪರದೆಯ ಅಂಚಿಗೆ ನಿಂತಿದ್ದಳು. ಗಂಡನನ್ನು ಒಂಟಿಯಾಗಿ ಬಿಡಲಾರೆ ಎಂದು ಹೆಂಡತಿ ಮುಂದಿನ ಸಾಲಿನಲ್ಲೇ ಬಂದು ಕುಳಿತಿದ್ದಳು.

ಮೇಡಂ ಪರದೆಯನ್ನು ಸವರಿ ಚರ್ಮ ತೆಗೆದರು. ಚಪ್ಪಾಳೆ. ಮಾಂಸ ತೆಗೆದರು. ಮತ್ತೆ ಚಪ್ಪಾಳೆ. "ಇದು ಅಪೆಂಡಿಕ್ಸ್. ಇಲ್ಲೂ ಅದೇ ಜಾಗ," ಎಂದು ಕೋಲಿನಿಂದ ಅವನ ಪಕ್ಕೆಯನ್ನು ತೋರಿಸಿದರು. ಅವನ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು, ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ತಾನು ಇಲ್ಲೇ, ನಿಂತಲ್ಲೇ, ಹೊಟ್ಟೆ ಎಳೆದುಕೊಂಡೇ ಸಾಯುತ್ತೇನೆ ಎಂದು ಅವನಿಗೆ ಖಾತ್ರಿಯಾಯಿತು. ಸತ್ತರೂ ಪರದೆಯ ಮೇಲಿರುವವನು ನಗುತ್ತಲೇ ಇರುತ್ತಾನೆ ಎಂದು ನೆನೆದು ಭಯವಾಯಿತು.

"ರೀ!" ಮುಂದಿನ ಸಾಲಿನಿಂದ ಹೆಂಡತಿ ಎದ್ದು ನಿಂತು ಕೂಗಿದಳು. "ಬಿಡ್ರೀ ಹೊಟ್ಟೆನಾ! ಯಾರು ಏನಂದ್ಕೊಂಡ್ರೂ ಅಂದ್ಕೊಳ್ಳಿ, ಬಿಡಿ!"

ಅವನು ಬಿಟ್ಟ. ಹೊಟ್ಟೆ ಸಭೆಯ ಮುಂದೆ ಧಡಕ್ಕನೆ ಇಳಿಯಿತು. ಅತಿಥಿಗಳು ಒಮ್ಮೆ ಅವನನ್ನು, ಒಮ್ಮೆ ಪರದೆಯನ್ನು ನೋಡಿದರು. ಲಿಫ್ಟಣ್ಣ ಬಗ್ಗಿದವನು ಹಾಗೇ ಕುಸಿದ.

ಡಾಕ್ಟರುಗಳ ಹಿಂಡೇ ಓಡಿ ಬಂತು. ಒಬ್ಬ ಹೊಟ್ಟೆ ಸವರಿದ, ಒಬ್ಬ ತಟ್ಟಿದ, ಒಬ್ಬ ಎರಡು ಬೆರಳು ಅಗಲಿಸಿ ದೊಡ್ಡದು ಮಾಡಲು ನೋಡಿದ. ಇನ್ನೊಬ್ಬ ಮಂಡಿಯೂರಿ, "ಅಣ್ಣಾ, ಒಂದ್ಸಲ ಎಳ್ಕೊಳ್ಳಿ ಅಣ್ಣಾ, ಆಗ ಗೊತ್ತಾಗುತ್ತೆ," ಎಂದು ಗೋಗರೆದ. ಅವರ ನಡುವೆ ನುಸುಳಿಕೊಂಡು ಅಕ್ಕನ ಮಗಳು ಬಂದಳು.

"ಕೈ ಒರೆಸ್ಕೋ!" ಎಂದರು ಮೇಡಂ, ಅಭ್ಯಾಸಬಲದಿಂದ.

ಅವಳು ಒರೆಸಿಕೊಳ್ಳಲಿಲ್ಲ. ಒದ್ದೆ ಅಂಗೈಯನ್ನು ಹಾಗೇ ಮಾವನ ಹೊಟ್ಟೆಯ ಮೇಲಿಟ್ಟಳು. ಅಪೆಂಡಿಕ್ಸ್ ಎಲ್ಲಿರುತ್ತದೆಂದು ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ, ಪರದೆ ಅವಳಿಗೆ ಅದನ್ನು ತೋರಿಸಿರಲೇ ಇಲ್ಲವಲ್ಲ. ಅದಕ್ಕೇ ಅವನ ಮುಖವನ್ನೇ ನೋಡುತ್ತ ಮೆಲ್ಲಗೆ ಕೈಯನ್ನು ಕೆಳಕ್ಕೆ ಸರಿಸಿದಳು, ಒತ್ತಿದಳು, ಬಿಟ್ಟಳು. ಬಿಟ್ಟ ಕ್ಷಣ ಅವನು ಕಿರುಚಿದ್ದು ಹೊರಗಿನ ರಸ್ತೆಗೂ ಕೇಳಿಸಿತು.

"ಇಲ್ಲೇನಾ ಮಾವ?"

"ಇಲ್ಲೇ ಪುಟ್ಟಿ. ಇಲ್ಲೇ." ಅವನಿಗೆ ಅಳು ಬಂತು. ನೋವಿಗೆ ಮಾತ್ರ ಬಂದ ಅಳು ಅದಲ್ಲ. ಇಷ್ಟು ವರ್ಷ ಇಷ್ಟು ಜನ ಅವನನ್ನು ಬಿಚ್ಚಿದ್ದರು, ತಿರುಗಿಸಿದ್ದರು, ಹೊಗಳಿದ್ದರು. ಎಲ್ಲಿ ಎಂದು ಮುಟ್ಟಿ ಕೇಳಿದವಳು ಇವಳೇ ಮೊದಲು.

ಎಲ್ಲಿ ಕುಯ್ಯಬೇಕು ಎಂಬ ಚರ್ಚೆ ಅಲ್ಲೇ ಶುರುವಾಯಿತು. ಜಾಗ ಮತ್ತೆ ಕಳೆದುಹೋದೀತೆಂದು ಹುಡುಗಿ ಅಂಗೈಯನ್ನು ಎತ್ತಲೇ ಇಲ್ಲ. ಗಾಲಿಮಂಚದ ಪಕ್ಕದಲ್ಲಿ ಹಾಗೇ ಕೈಯಿಟ್ಟುಕೊಂಡು ನಡೆದಳು. ಶಸ್ತ್ರಚಿಕಿತ್ಸೆ ಆಯಿತು, ಅವಳ ಅಂಗೈ ಇದ್ದಲ್ಲೇ ಆಯಿತು, ಒಡೆಯುವಂತಾಗಿದ್ದ ಅಪೆಂಡಿಕ್ಸ್ ಅಲ್ಲೇ ಸಿಕ್ಕಿತು, ಲಿಫ್ಟಣ್ಣ ಬದುಕಿದ. ಮೇಡಂ ಬೀಗ ಹಾಕಿದ್ದ ಹೆಣದ ಕೋಣೆಯನ್ನು ತೆಗೆಸಿದರು. ಇದೆಲ್ಲ ಆಮೇಲಿನ ಮಾತು.

ಆ ಹೊತ್ತಿನಲ್ಲಿ ಗಾಲಿಮಂಚ ಲಿಫ್ಟಿನೊಳಗೆ ಬಂದಿತ್ತು. ಹೆಂಡತಿ ಬಂದಳು, ಮೇಡಂ ಬಂದರು, ಡಾಕ್ಟರುಗಳು ಒಬ್ಬರ ಮೇಲೊಬ್ಬರು ಬಿದ್ದು ತುಂಬಿಕೊಂಡರು. ಬಾಗಿಲು ಮುಚ್ಚಿತು. ಲಿಫ್ಟು ಮಾತ್ರ ಅಲುಗಾಡಲಿಲ್ಲ, ಗುಂಡಿ ಒತ್ತುವವನು ಮಲಗಿದ್ದನಲ್ಲ. ಎಲ್ಲರೂ ಅವನ ಮುಖ ನೋಡಿದರು. ಲಿಫ್ಟಣ್ಣ ಮಲಗಿದಲ್ಲಿಂದಲೇ ಕೈ ಚಾಚಿ ಗುಂಡಿ ಒತ್ತಿದ. ಸುತ್ತ ಅಷ್ಟು ಜನರನ್ನು ಕಂಡು ಅವನ ಹೊಟ್ಟೆ, ಅಂಥ ನೋವಿನಲ್ಲೂ, ತಾನಾಗಿ ಒಳಗೆ ಹೋಗತೊಡಗಿತು.

ಅಂಗೈಯ ಕೆಳಗೆ ಅದು ಜಾರುತ್ತಿರುವುದು ಹುಡುಗಿಗೆ ತಿಳಿಯಿತು.

"ಎಳ್ಕೋಬೇಡಿ ಮಾವ," ಎಂದಳು. "ಜಾಗ ಇದೆ."