ಹಡಗು ಬಂತೇನೋ

ಟೋಕನ್ ಮೂವತ್ತೊಂದು ಅಂದರು, ನಮ್ಮದು ಮೂವತ್ತನಾಲ್ಕು, ಇನ್ನೂ ಹೊತ್ತಿದೆ, ಹೇಳಿಬಿಡಬಹುದು — ಎದುರಿನ ಗೋಡೆಯ ಮೇಲೆ ದೊಡ್ಡಕ್ಷರದಿಂದ ಸಣ್ಣಕ್ಷರಕ್ಕೆ ಇಳಿಯುವ ಹಲಗೆ, ಕೊನೆಯ ಸಾಲೂ ನನಗೆ ಸಲೀಸು, ಅರವತ್ತಮೂರಕ್ಕೂ ಹದ್ದಿನ ಕಣ್ಣು, ಇಟ್ಟುಕೊಂಡು ಏನು ಮಾಡಲಿ, ಪಕ್ಕದಲ್ಲಿ ಅಕ್ಕ ಹನಿ ಹಾಕಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದಾಳೆ, ಕೆನ್ನೆಗಿಳಿದ ಔಷಧಿಯನ್ನು ಒರೆಸಿಕೊಳ್ಳುತ್ತ. ಬಸ್ಸಿನಲ್ಲೇ ಹೇಳುವವನಿದ್ದೆ, ಬಸ್ಸಿನಲ್ಲಿ ಜನ, ಮೆಟ್ಟಿಲಲ್ಲಿ ಹೇಳುವವನಿದ್ದೆ, ಮೆಟ್ಟಿಲಲ್ಲಿ ಅವಳಿಗೆ ಏದುಸಿರು, ನನ್ನಂಥ ಪುಕ್ಕಲನಿಗೆ ಸಬೂಬಿಗೇನು ಬರ. ಹೇಳಬೇಕಾದದ್ದು ಇಷ್ಟೇ, ಹಡಗು ಬಂದಿಲ್ಲ ಅಕ್ಕ. ಡಿವಿಡೆಂಡ್ ಎಂಬ ಪದ ಅವಳ ನಾಲಿಗೆಯಲ್ಲಿ ಹೊರಳಲಿಲ್ಲ, ಹಡಗಿನ ಕಂಪನಿಯ ಷೇರು, ಮೂರು ತಿಂಗಳಿಗೊಮ್ಮೆ ಲಾಭದಲ್ಲಿ ಒಂದು ಪಾಲು, ಆ ದುಡ್ಡಿನಲ್ಲಿ ಎರಡೂ ಕಣ್ಣಿಗೆ ಇಂಜೆಕ್ಷನ್, ಹಾಗಾಗಿ ಅವಳ ಬಾಯಲ್ಲಿ ಅದು ಹಡಗು, ಹಡಗು ಬಂತೇನೋ, ಬಂತಕ್ಕ, ತುಂಬ್ಕೊಂಡು ಬಂತಾ, ತುಂಬ್ಕೊಂಡೇ ಬಂತು. ಮೊದಲೆರಡು ವರ್ಷ ನಿಜಕ್ಕೂ ಬಂತು. ಆಮೇಲಿನ ಮೂರು ಸಲ ಬಂದದ್ದು ಹಡಗಲ್ಲ, ನನ್ನ ನಿವೃತ್ತಿಯ ಗಂಟಿನಲ್ಲಿ ಉಳಿದಿದ್ದ ಚೂರು, ಹೋದ ಸಲಕ್ಕೆ ಅದೂ ಬರಿದಾಯಿತು.

ಮೂವತ್ತೆರಡು. ಮೂವತ್ತಾರು ವರ್ಷ ಬಂದರಿನಲ್ಲಿ ನನ್ನ ಕೆಲಸ ಹಡಗಿನ ಅಂಕಿ ಓದುವುದು, ಮುಂದೆ ಹಿಂದೆ ನಡುವೆ ಬಿಳಿ ಬಣ್ಣದಲ್ಲಿ ಬರೆದಿರುತ್ತದಲ್ಲ, ನೀರು ಯಾವ ಅಂಕಿಗೆ ಮುಟ್ಟಿದೆ ನೋಡಿ ಒಳಗೆ ಎಷ್ಟು ಸರಕಿದೆ ಎಂದು ಹೇಳುವುದು, ದೋಣಿ ಓಲಾಡುವಾಗ ಉಸಿರು ಬಿಗಿಹಿಡಿದು, ಕ್ಯಾಪ್ಟನ್ನುಗಳು ಲೆಕ್ಕ ಮುಗಿಸುವ ಮೊದಲೇ ಹೇಳಿಬಿಡುತ್ತಿದ್ದೆ, ತಲೆ ತಿರುಗದೆ ಇರುತ್ತದೆಯೇ. ನಾನು ನಿವೃತ್ತನಾದ ವರ್ಷ ಬಂದ ಹಡಗೆಲ್ಲ ಕುತ್ತಿಗೆಮಟ್ಟ ನೀರಲ್ಲಿ, ಅಷ್ಟು ಭಾರ, ಹೊರಗೆ ಸರದಿಯಲ್ಲಿ ಇನ್ನೂ ಹದಿನೆಂಟು, ಕಂಪನಿ ಹಂಚುತ್ತಿದ್ದದ್ದು ಬ್ಯಾಂಕಿನ ಬಡ್ಡಿಯ ಮೂರರಷ್ಟು. ಷೇರು ಕಚೇರಿಯ ಹೆಂಗಸು ಬಿಡಿಸಿ ಹೇಳಿದಳು, ಸರ್, ಹಡಗಿನ ಷೇರಲ್ಲಿ ಡಿವಿಡೆಂಡ್ ಇಷ್ಟು ಜಾಸ್ತಿ ಕಾಣ್ಸಿದ್ರೆ ಹೆದರ್ಬೇಕು, ಇದು ಏರಿ ಇಳಿಯೋ ವ್ಯಾಪಾರ, ಈಗ ತುದೀಲಿದೆ. ಹಡಗಿನ ವಿಷಯ ನನಗೇ ಹೇಳಿಕೊಡುತ್ತಾಳಲ್ಲ ಎಂದು ನಗು ಬಂತು, ಕಣ್ಣಾರೆ ಕಂಡಿದ್ದೀನಮ್ಮ ಎಂದೆ. ಕಂಡದ್ದು ಸುಳ್ಳಲ್ಲ. ತುಂಬಿದ ಹಡಗು ಕಂಡಿತು, ಅದನ್ನು ನೋಡಿ ಒಂದೊಂದು ಕಂಪನಿಯೂ ಹೊಸ ಹಡಗು ಕಟ್ಟಿಸಲು ಕೊಟ್ಟದ್ದು ಕಾಣಲಿಲ್ಲ, ಅವೆಲ್ಲ ಒಟ್ಟಿಗೆ ನೀರಿಗಿಳಿದವು, ಸರಕು ಮಾತ್ರ ಇದ್ದಷ್ಟೇ, ಬಾಡಿಗೆ ನೆಲಕಚ್ಚಿತು, ಅದನ್ನು ಹಡಗಿನ ಮೈಮೇಲೆ ಯಾರೂ ಬರೆದಿರುವುದಿಲ್ಲ. ಅಕ್ಕ ನಲವತ್ತು ವರ್ಷ ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿದು ಉಳಿಸಿದ್ದರಲ್ಲಿ ಅರ್ಧ ಅಲ್ಲಿಗೆ ಹಾಕಿಸಿದೆ, ಉಳಿದರ್ಧ ಬ್ಯಾಂಕಿನ ಠೇವಣಿ, ಅದನ್ನು ಮುಟ್ಟಬೇಡ ಎಂದವನೂ ನಾನೇ, ಪುಣ್ಯಕ್ಕೆ ಅಷ್ಟಾದರೂ ಬುದ್ಧಿ ಇತ್ತು. ಈಗ ಅದನ್ನು ಮುರಿಯಬೇಕು. ಜೇಬಿನಲ್ಲಿ ಈ ತಿಂಗಳ ಪಿಂಚಣಿ, ಅಂಗಡಿಗೂ ಬಾಡಿಗೆಗೂ ಸಾಲ ಹೇಳಿ ತಂದದ್ದು, ಅದು ಒಂದು ಕಣ್ಣಿಗಾಗುತ್ತದೆ, ಇನ್ನೊಂದರದ್ದು ಠೇವಣಿ ಮುರಿದು ನಾಳೆ ಕಟ್ಟುತ್ತೇನೆ ಎಂದು ಕೌಂಟರಿನಲ್ಲಿ ಹೇಳಿಟ್ಟಿದ್ದೇನೆ, ಅಕ್ಕ, ಸುಳ್ಳು ಹೇಳಿದೆ, ಠೇವಣಿ ಮುರಿ, ಎರಡೇ ಮಾತು, ಇಂಜೆಕ್ಷನ್ ತಪ್ಪಿದರೆ ಕೆಲವೇ ತಿಂಗಳು ಎಂದಿದ್ದಾರೆ ಡಾಕ್ಟರು, ಹೋದ ದೃಷ್ಟಿ ಮತ್ತೆ ಬರುವುದಿಲ್ಲವಂತೆ.

ಮೂವತ್ತಮೂರು. ಅಕ್ಕ ಎಂದೆ. ಅಷ್ಟರಲ್ಲಿ ಅವಳೇ ಬಾಯಿ ತೆರೆದಳು, ತುಟಿಯಂಚಿನಲ್ಲಿ ನಗು, ಚಿಕ್ಕವಳಿದ್ದಾಗ ಏನಾದರೂ ಬಚ್ಚಿಟ್ಟುಕೊಂಡರೆ ಬರುತ್ತಿದ್ದ ನಗು, ಒಂದು ವಿಷ್ಯ ಹೇಳ್ತೀನಿ, ಬೈಬಾರ್ದು, ಆ ಠೇವಣಿ ತೆಗ್ದು ಹಡಗಿಗೇ ಹಾಕ್ಬಿಟ್ಟೆ ಕಣೋ, ಆರು ತಿಂಗಳಾಯ್ತು, ಕೆಳಗಿನ ಮನೆಯವಳು ಫೋನಲ್ಲೇ ಮಾಡ್ಕೊಟ್ಲು, ಅರ್ಧ ಬೆಲೆಗೆ ಸಿಕ್ತು, ಬೆಲೆ ಬಿದ್ದಿದೆ ಬೇಡ ಅಂದ್ಲು ಅವಳು, ಬಿದ್ರೇನಂತೆ, ಹಡಗು ಬರ್ತಾನೇ ಇದ್ಯಲ್ಲ, ಇನ್ಮೇಲೆ ಇನ್ನೂ ಜಾಸ್ತಿ ಬರತ್ತೆ, ನಿನ್ನ ಹಲ್ಲೂ ಕಟ್ಟಿಸ್ಬಹುದು. ತುಂಡು ಬಟ್ಟೆಯ ಅಂಗಡಿಯಲ್ಲಿ ಒಳ್ಳೆಯ ಅರಿವೆ ಅಗ್ಗಕ್ಕೆ ಸಿಕ್ಕಾಗಿನ ಖುಷಿ ಅವಳ ದನಿಯಲ್ಲಿ. ಬರುತ್ತಲೇ ಇದೆಯಲ್ಲ — ಬಂದವನು ನಾನು ಅಕ್ಕ, ನನ್ನ ಸುಳ್ಳನ್ನು ನಂಬಿ ಕೊಂಡೆಯಲ್ಲೇ, ನಿನ್ನ ಧೈರ್ಯ ಕೆಡಬಾರದು ಎಂದು ಹೇಳಿದ ಸುಳ್ಳು, ನಿನ್ನ ಬುಡಕ್ಕೇ ಕೊಡಲಿ ಹಾಕಿತಲ್ಲ. ಆ ಅರ್ಧ ಬೆಲೆ ಈಗ ಕಾಲುಭಾಗಕ್ಕೆ ಇಳಿದಿದೆ. ಹಳೆಯ ಹಡಗುಗಳನ್ನು ಒಡೆದು ಗುಜರಿಗೆ ಹಾಕುತ್ತಾರೆ, ಹಡಗು ಕಡಿಮೆಯಾಗುತ್ತದೆ, ಬಾಡಿಗೆ ಏರುತ್ತದೆ, ಮತ್ತೆ ಎಲ್ಲವೂ ತುಂಬಿ ಬರುತ್ತವೆ, ನಾಲ್ಕು ವರ್ಷವೋ ಐದೋ, ಕಾದವರಿಗೆ ನಷ್ಟವೇ ಇಲ್ಲ, ಆದರೆ ಕಣ್ಣು ಕಾಯುವುದಿಲ್ಲ. ಇವತ್ತೇ ಎಲ್ಲವನ್ನೂ ಮಾರಿದರೆ ಒಂದೆರಡು ವರ್ಷ, ಅದೂ ಒಂದೇ ಕಣ್ಣಿಗೆ, ಎರಡಕ್ಕೂ ಹಂಚಿದರೆ ವರ್ಷದೊಳಗೆ ಎರಡೂ ಹೋದಂತೆ.

ಮೂವತ್ತನಾಲ್ಕು. ನರ್ಸ್ ಬಂದು ನಿಂತಳು, ಕೈಯಲ್ಲಿ ನೀಲಿ ಪೆನ್ನು, ಒಳಗೆ ಹೋದ ಮೇಲೆ ಎಡವಟ್ಟಾಗಬಾರದೆಂದು ಇಂಜೆಕ್ಷನ್ ಕೊಡುವ ಕಣ್ಣಿನ ಹುಬ್ಬಿನ ಮೇಲೆ ಬಾಣ ಬರೆಯುತ್ತಾರೆ, ಅಮ್ಮಾ ತಲೆ ಎತ್ತಿ, ಸರ್, ಎರಡೂ ಅಲ್ವಾ — ಅಕ್ಕ ಸೂಜಿಗೆ ದಾರ ಪೋಣಿಸುವಾಗ ಒಂದು ಕಣ್ಣು ಮುಚ್ಚುತ್ತಿದ್ದಳು, ಯಾವುದು, ಎಡಗಣ್ಣು, ಹೌದು ಎಡಗಣ್ಣೇ, ದಾರದ ತುದಿಯನ್ನು ತುಟಿಗೆ ಒತ್ತಿ, ಎಡಗಣ್ಣು ಮುಚ್ಚಿ — ಬಲಗಣ್ಣು ಮಾತ್ರ ಎಂದೆ. ಪೆನ್ನು ಎರಡು ಗೀರು ಎಳೆಯಿತು, ಬಾಣವಾಯಿತು. ಅಕ್ಕ ಕಣ್ಣು ತೆರೆದಳು, ಹನಿಗೆ ಅಗಲವಾದ ಕಪ್ಪು ಪಾಪೆ, ನಗು ಇನ್ನೂ ಪೂರ್ತಿ ಹೋಗಿಲ್ಲ, ಹಡಗು ಬಂದಿಲ್ವೇನೋ. ಇಲ್ಲ ಅಕ್ಕ. ಯಾವಾಗಿಂದ. ಹೇಳಿದರೆ ತಾನು ಕೊಂಡ ತಿಂಗಳು ಅವಳಿಗೆ ನೆನಪಾಗುತ್ತದೆ, ನೆನಪಾಗಿದೆ ಆಗಲೇ, ನಗು ಹೋಯಿತು — ಬಲಹುಬ್ಬಿನ ಮೇಲೆ ಬಾಣ, ನೀಲಿ, ಇನ್ನೂ ಹಸಿ — ಯಾವಾಗಿಂದ ಕಣೋ — ಬಲಕ್ಕೆ ಬಾಣ, ಎಡಹುಬ್ಬಿನ ಮೇಲೆ ಏನೂ ಇಲ್ಲ, ಬಲಕ್ಕೆ ಬಾಣ, ಎಡಹುಬ್ಬಿನ ಮೇಲೆ ಏನೂ ಬರೆದಿಲ್ಲ