ಅಮೃತಹಳ್ಳಿ ಸರ್ಕಲ್ಲಿನಲ್ಲಿ ಶಾಂತಲಾ

ಬ್ಯಾಟರಾಯನಪುರದ ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಮಾಡುವವಳು ನಾನು. ಯಾರ್ಯಾರದೋ ಹುಟ್ಟುಹಬ್ಬಕ್ಕೆ ಮುಖ ಬೆಳ್ಳಗೆ ಮಾಡಿ, ಮೀಸೆ ದಪ್ಪ ಮಾಡಿ, ಹಿಂದೆ ಸಿಂಹ ನಿಲ್ಲಿಸಿ ಸಾಕಾಗಿತ್ತು. ಈ ಸಲ ನನ್ನದೇ ಹುಟ್ಟುಹಬ್ಬಕ್ಕೆ ನನ್ನ ಫೋಟೋದ ಮೀಸೆಯನ್ನೇ ಅಳಿಸಿದೆ. ಮೈಸೂರು ಸಿಲ್ಕ್ ಉಡಿಸಿದೆ, ಮಲ್ಲಿಗೆ ಮುಡಿಸಿದೆ, ಸಿಂಹವನ್ನೂ ಬಿಡಲಿಲ್ಲ. ‘ಶಾಂತಲಾ ಅವರಿಗೆ ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು’ ಎಂದು ಬರೆದೆ. ಕೆಳಗೆ ಶುಭ ಕೋರುವವರ ಮುಖಗಳ ಸಾಲು ಇರಲೇಬೇಕಲ್ಲ. ಗೆಳತಿ ಅಜ್ಜು, ಹೂವಿನ ರತ್ನಕ್ಕ, ಅಂಗಡಿ ಓನರ್ ನಾಗಭೂಷಣ ಒಪ್ಪಿದರು.

ಮನೆಯಲ್ಲಿ ಮಾತ್ರ ನಾನಿನ್ನೂ ಹೇಮಂತ. ಬೀರುವಿನಲ್ಲಿ ನನ್ನ ಸೀರೆ ಸಿಕ್ಕಿದಾಗಿನಿಂದ ಅಪ್ಪ ಮುನಿಕೃಷ್ಣಪ್ಪ ಆ ಹೆಸರನ್ನೂ ಬಿಟ್ಟು ‘ಏಯ್’ ಎನ್ನುತ್ತಿದ್ದ. ಅವನ ಬಾಯಲ್ಲಿ ಒಂದೇ ಒಂದು ಸಲ ಶಾಂತಲಾ ಎಂದು ನಾನಿಟ್ಟುಕೊಂಡ ಹೆಸರು ಕೇಳಬೇಕೆಂಬ ಹಟ ನನಗೆ. ಅದಕ್ಕೇ ಅವನು ಟೀ ಕುಡಿಯುವ ಅಮೃತಹಳ್ಳಿ ಸರ್ಕಲ್ಲಿನಲ್ಲೇ ಫ್ಲೆಕ್ಸ್ ಕಟ್ಟಿಸಿದೆ.

ಕಲ್ಲು ಬೀಳುತ್ತದೆ ಎಂದುಕೊಂಡೇ ಬೆಳಿಗ್ಗೆ ಸೀರೆಯುಟ್ಟು ಹೋಗಿ ನಿಂತೆ. ಬಿದ್ದದ್ದು ಹಾರ.

"ಅಕ್ಕಾ, ನಮ್ ರೋಡ್ ಮೋರಿ ಕಟ್ಕೊಂಡೈತೆ, ಸ್ವಲ್ಪ ನೋಡಿ," ಎಂದ ಒಬ್ಬ.

"ನಾನ್ ಲೀಡರ್ ಅಲ್ಲ ಕಣ್ರೀ."

"ಫ್ಲೆಕ್ಸ್ ಐತಲ್ಲ."

ಸೀರೆಯ ಬಗ್ಗೆ ಕೇಳಿದವರೇ ಇಲ್ಲ, ಯಾವ ಪಾರ್ಟಿ ಎಂದಷ್ಟೇ ಕೇಳಿದರು. ವಾರ್ಡ್ ಟಿಕೆಟ್ಟಿಗೆ ಓಡಾಡುತ್ತಿದ್ದ ಚಿಕ್ಕಮುನಿಯಪ್ಪ ಬೆವರುತ್ತ ಬಂದು, "ಈ ಸಲ ನಂಗೆ ಬಿಟ್ಕೊಡಮ್ಮ," ಎಂದು ಕೈಮುಗಿದ. ನನಗೆ ತಲೆ ಕೆಟ್ಟುಹೋಯಿತು. ಇಷ್ಟು ವರ್ಷ ಹೆದರಿ ಸತ್ತದ್ದು ಈ ಜನಕ್ಕಾ? ಅಲ್ಲೇ ನಿಂತು ನನ್ನ ಕತೆಯೆಲ್ಲ ಹೇಳಿಬಿಟ್ಟೆ. ಹುಡುಗ ಎಂದು ಬೆಳೆಸಿದ್ದು, ಕನ್ನಡಿ ಮುಂದೆ ಅತ್ತದ್ದು, ಎಲ್ಲ. ಮೋರಿಯವನು ತಾಳ್ಮೆಯಿಂದ ಕೇಳಿ, "ಅದು ಸರಿ, ಮೋರಿ ಯಾವಾಗ?" ಎಂದ.

ಅಷ್ಟರಲ್ಲಿ ಅಪ್ಪ ಬಂದ. ಫ್ಲೆಕ್ಸಿನ ಕೆಳಸಾಲಿನ ಒಂದೊಂದೇ ಮುಖದ ಮೇಲೆ ಬೆರಳಿಟ್ಟು ನೋಡಿದ.

"ನನ್ ಫೋಟೋ ಎಲ್ಲಿ?"

ಅಪ್ಪ ಮತ್ತೆ ಮೊದಲಿನಿಂದ ಬೆರಳಿಟ್ಟ.

"ಹೂವಿನ್ ರತ್ನಂದೈತೆ, ನಾಗಭೂಷಣಂದೈತೆ, ಹೆತ್ತ ಅಪ್ಪಂದೇ ಇಲ್ಲ. ಟೀ ಅಂಗ್ಡೀಲಿ ಎಲ್ರೂ ಕೇಳ್ತಾವ್ರೆ. ಇಂಗಾ ಮಾನ ಕಳೆಯೋದು?"

ನನಗೂ ರೇಗಿತು. "ನೀನ್ ಮಾತಾಡ್ಸಿದ್ರೆ ತಾನೇ ಕೇಳೋದು?"

ಅಪ್ಪ ಸೀದಾ ನನ್ನ ಜೊತೆ ಫ್ಲೆಕ್ಸ್ ಅಂಗಡಿಗೆ ಬಂದು, ಜೇಬಿನಿಂದ ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆದಿಟ್ಟ. ಅವನ ಮುಖವನ್ನು ಸಾಲಿನ ಮೊದಲಿಗೇ ಕೂರಿಸಿದೆ. ಪ್ರತಿ ಮುಖದ ಕೆಳಗೆ ಹೆಸರು, ಹೆಸರಿನ ಕೆಳಗೆ ಏನಾದರೊಂದು ಹುದ್ದೆ ಹಾಕುವುದು ನಮ್ಮಲ್ಲಿ ಪದ್ಧತಿ. ರತ್ನಕ್ಕನಿಗೂ ‘ಸಮಾಜ ಸೇವಕಿ’ ಎಂದು ಹಾಕಿದ್ದೆ.

"ನಿಂಗೇನ್ ಹಾಕ್ಲಿ? ಮಾಜಿ ಪಂಚಾಯ್ತಿ ಮೆಂಬರ್ ಅಂತಾನಾ?"

ಅವನು ಕಂಪ್ಯೂಟರಿನಲ್ಲಿದ್ದ ಸೀರೆಯ ನನ್ನನ್ನು ತುಂಬ ಹೊತ್ತು ನೋಡಿದ.

"ಅದ್ ಬ್ಯಾಡ," ಎಂದ. "ಶಾಂತಲಾ ಅವರ ತಂದೆ ಅಂತ ಹಾಕು."

ಕಣ್ಣು ತುಂಬಿ ಕೀಬೋರ್ಡೇ ಕಾಣಲಿಲ್ಲ.

"ಆಮೇಲ್ ಅಳುವಿಯಂತೆ," ಎಂದ ಅಪ್ಪ. "ಅಕ್ಷರ ದಪ್ಪ ಮಾಡು."