ವೇದಿಯ ಮುಂದೆ ಬಿಟ್ಟುಹೋದ ಡಬ್ಬಿ

ನಾನು ಒಂದು ತಗಡಿನ ಡಬ್ಬಿ. ನನ್ನ ಮುಚ್ಚಳ ತೆಗೆದು ಒಳಗೆ ಇಣುಕಿದವರಿಗೆ ಒಂದು ಅರ್ಧ ಸೂರ್ಯಕಾಂತಿ ಹೂವು ಕಾಣುತ್ತದೆ. ಹಿಂದಿನ ಜನ್ಮದಲ್ಲಿ ನಾನು ಅಡುಗೆ ಎಣ್ಣೆಯ ಡಬ್ಬವಾಗಿದ್ದೆ. ಬೆಟಗೇರಿಯ ಹುಸೇನಸಾಬರು ಆ ಡಬ್ಬವನ್ನು ಕತ್ತರಿಸಿ, ಚಿತ್ರವಿದ್ದ ಬದಿಯನ್ನು ಒಳಕ್ಕೆ ಮಡಚಿ, ಬೆಸುಗೆ ಹಾಕಿ ನನ್ನನ್ನು ಮಾಡಿದರು. ಹೊರಬದಿ ಬೋಳಾಗಿರಬೇಕು ಎಂದು ಕೇಳಿದವರು ಸುವಾರ್ತವ್ವ.

"ಹೂವು ಹೊರಗಿದ್ರ ಚೆಂದ ಕಾಣ್ತಿತ್ತಲ್ರೀ ಅಮ್ಮಾರ?" ಎಂದರು ಹುಸೇನಸಾಬರು.

"ದೇವರ ಡಬ್ಬಿ ಅದು, ಸಾಬ. ಹೂವು ಒಳಗಿದ್ರ ಆತನಿಗೆ ಕಾಣ್ತದ, ಸಾಕು," ಎಂದರು ಸುವಾರ್ತವ್ವ.

ಸುವಾರ್ತವ್ವ ವಿಧವೆ. ಮಗ್ಗದ ಮನೆಗಳಿಗೆ ನೂಲಿನ ಕಂಡಿಕೆ ಸುತ್ತಿಕೊಟ್ಟು ಇಬ್ಬರು ಗಂಡುಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದವರು. ಅವರು ಹೋಗುವ ಕ್ರೈಸ್ತ ದೇವಾಲಯದ ಹೆಂಗಸರಲ್ಲಿ ಒಂದು ಪದ್ಧತಿ ಇತ್ತು. ಬೆಳಿಗ್ಗೆ ಅಡುಗೆಗೆ ಕೈ ಹಾಕುವ ಮೊದಲು ಒಂದು ಹಿಡಿ ಜೋಳವನ್ನು ದೇವರಿಗೆಂದು ತೆಗೆದಿಡುವುದು. ತಿಂಗಳ ಕೊನೆಯ ಶನಿವಾರ ಎಲ್ಲರ ಹಿಡಿಜೋಳವೂ ಒಂದೇ ಬುಟ್ಟಿಗೆ ಬಿದ್ದು, ಊರಿನ ಕೈಲಾಗದವರ ಮನೆಗಳಿಗೆ ಹೋಗುತ್ತಿತ್ತು. ಹಾಗೆ ನಾನು ಹಿಡಿಜೋಳದ ಡಬ್ಬಿಯಾದೆ. ಒಲೆಯ ಪಕ್ಕದ ನೆಲದ ಮೇಲೆ ನನಗೊಂದು ಜಾಗ ಸಿಕ್ಕಿತು. ಅಲ್ಲಿಂದ ನನಗೆ ಕಾಣುತ್ತಿದ್ದದ್ದು ಹೆಚ್ಚಾಗಿ ಜನರ ಪಾದಗಳು. ಆದ್ದರಿಂದ ನಾನು ನೋಡಿದ್ದನ್ನು, ಕೇಳಿದ್ದನ್ನು ಮಾತ್ರ ಹೇಳುತ್ತೇನೆ. ಮಿಕ್ಕದ್ದಕ್ಕೆ ನಾನು ಹೊಣೆಯಲ್ಲ.

ಸುವಾರ್ತವ್ವ ನನಗೆ ಒಂದೇ ಕಟ್ಟಳೆ ಹಾಕಿದ್ದರು. "ಈ ಡಬ್ಬ್ಯಾಗ ತುಂಬಿದ ಕೈ ಹೋಗಬೇಕು, ಖಾಲಿ ಕೈ ಬರಬೇಕು. ಅದು ತಿರುಗಾಮುರುಗಾ ಆಗಬಾರದು."

ಅವರ ಹಿರಿಯ ಮಗ ಫಿಲಿಪ್ಪನಿಗೆ ಹೆಂಡತಿಯಾಗಿ ಸಲೋಮಿ ಬಂದಳು. ರೋಣದ ಕಡೆಯ ಒಂದು ಸಣ್ಣ ಹಳ್ಳಿಯ ಹುಡುಗಿ. ಆಡು ಕಾಯ್ದು ಬೆಳೆದವಳು. ಬಂದ ವಾರದಲ್ಲೇ ಸುವಾರ್ತವ್ವ ಹಿಟ್ಟು ನಾದುತ್ತ, "ಒಂದೀಟು ಓದು ಮಗಳ, ಕೇಳ್ತೀನಿ," ಎಂದು ಸತ್ಯವೇದವನ್ನು ಅವಳ ಕೈಗೆ ಕೊಟ್ಟರು. ಸಲೋಮಿ ತೆರೆದು ಕುಳಿತಳು. ಬಾಯಿಂದ ಮಾತು ಹೊರಡಲಿಲ್ಲ. ಸ್ವಲ್ಪ ಹೊತ್ತಿಗೆ ಒಂದು ಹಾಳೆ ಮಗುಚಿದಳು. ಇನ್ನೂ ಸ್ವಲ್ಪ ಹೊತ್ತಿಗೆ ಇನ್ನೊಂದು. ಸುವಾರ್ತವ್ವ ನಾದುವುದನ್ನು ನಿಲ್ಲಿಸಿದರು.

ಮರುದಿನದಿಂದ ಮನೆಯಲ್ಲಿ ಹೊಸ ರೂಢಿ ಶುರುವಾಯಿತು. ಒಂದು ಹಿಡಿಗೆ ಸತ್ಯವೇದದ ಒಂದು ವಚನ. ಸುವಾರ್ತವ್ವ ಜೋಳ ಹಾಕುವಾಗ ಒಂದು ವಚನವನ್ನು ಗಟ್ಟಿಯಾಗಿ ಹೇಳುವರು, ಸಲೋಮಿ ತಿರುಗಿ ಹೇಳುವಳು. ಚಾರೆಪ್ತದ ವಿಧವೆ ತನ್ನ ಕೊನೆಯ ಹಿಟ್ಟಿನಲ್ಲಿ ಮೊದಲ ರೊಟ್ಟಿಯನ್ನು ಪ್ರವಾದಿ ಎಲೀಯನಿಗೆ ಸುಟ್ಟುಕೊಟ್ಟದ್ದು, ರೂತಳು ಅತ್ತೆಯ ಬೆನ್ನು ಬಿಡದೆ ಪರದೇಶಕ್ಕೆ ನಡೆದದ್ದು, ಕೊಯ್ದ ಹೊಲದಲ್ಲಿ ಉಳಿದ ತೆನೆಗಳ ಹಕ್ಕಲಾಯ್ದದ್ದು, ಎಲ್ಲವೂ ಹಿಡಿ ಹಿಡಿಯಾಗಿ ಅವಳೊಳಗೆ ಇಳಿಯಿತು. ರೂತಳ ಕಥೆಯಂತೂ ಒಂದಕ್ಷರ ತಪ್ಪದೆ ಬಂತು.

"ಅಕ್ಷರಾನೂ ಕಲಸ್ತೀನಿ, ಕಲೀತಿಯೇನ?" ಎಂದು ಒಮ್ಮೆ ಕೇಳಿದರು.

"ಬ್ಯಾಡ್ರಿ ಅತ್ತಿ. ಈ ವಯಸ್ಸಿನ್ಯಾಗ ಪಾಟಿ ಹಿಡದ್ರ ಓಣಿ ಮಂದಿ ನಗ್ತಾರ. ಯಾರಿಗೂ ಹೇಳಬ್ಯಾಡ್ರಿ."

"ಯಾರಿಗಿ ಹೇಳ್ಲಿ? ನನಗ ಗೊತ್ತೈತಿ, ಈ ಡಬ್ಬಿಗಿ ಗೊತ್ತೈತಿ. ಡಬ್ಬಿ ಬಾಯಿ ನಮ್ಮ ಕೈಯಾಗ ಐತಿ."

ಕಿರಿಯ ಸೊಸೆಯಾಗಿ ಬಂದವಳು ಜೀವರತ್ನ. ಹುಬ್ಬಳ್ಳಿಯಲ್ಲಿ ಕಾಲೇಜು ಓದಿದವಳು, ಪ್ರಾಥಮಿಕ ಶಾಲೆಯ ಟೀಚರು. ಅವಳದು ಎಚ್ಚರದ ಸ್ವಭಾವ. ಹಾಲಿನ ಪಾತ್ರೆ ಮುಚ್ಚಿದೆಯೇ, ಬಾಗಿಲ ಚಿಲಕ ಬಿದ್ದಿದೆಯೇ, ಎರಡೆರಡು ಸಲ ನೋಡುವಳು. ಯಾರಾದರೂ ಒಂದು ಮಾತು ತಪ್ಪಾಗಿ ಆಡಿದರೆ, ಅವಳಿಗೆ ಗೊತ್ತಾಗುವ ಮೊದಲೇ ಸರಿಯಾದ ಮಾತು ಅವಳ ಬಾಯಿಂದ ಬಂದುಬಿಟ್ಟಿರುತ್ತಿತ್ತು. ಅದರಲ್ಲಿ ಕೆಡುಕಿರಲಿಲ್ಲ.

ಸುವಾರ್ತವ್ವ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಅಡುಗೆಮನೆಯ ನಡುವೆ ಒಂದು ಗೋಡೆ ಎಬ್ಬಿಸಿ ಎರಡು ಒಲೆ ಮಾಡಿಕೊಂಡರು. ಜಗಳವೇನಿಲ್ಲ, ಜಾಗ ಸಾಲದೆ. ಡಬ್ಬಿ ಹಿರಿಯ ಸೊಸೆಗೆ ಸೇರಬೇಕಿತ್ತು. ಸಲೋಮಿಯೇ ನನ್ನನ್ನು ಎತ್ತಿ ಜೀವರತ್ನಳ ಕೈಗಿಟ್ಟಳು. "ನನಗ ರೂಢಿ ಐತಿ, ಗಡಿಗ್ಯಾಗರ ಹಾಕ್ತೀನಿ. ನೀ ಹೊಸಾಕಿ, ನೀ ಇಟ್ಕೋ."

ಹಲವು ವರ್ಷ ಹಾಗೇ ನಡೆಯಿತು. ಗೋಡೆಯ ಆಚೆಗೊಂದು ಹಿಡಿ, ಈಚೆಗೊಂದು ಹಿಡಿ. ಸಲೋಮಿಯ ಬಾಯಲ್ಲಿ ವಚನ ಕೇಳಿದವರೆಲ್ಲ, ಎಷ್ಟು ಓದಿಕೊಂಡಿದ್ದಾಳೆ ಎಂದೇ ತಿಳಿದಿದ್ದರು. ಜೀವರತ್ನಳೂ ಹಾಗೇ ತಿಳಿದಿದ್ದಳು.

ಒಂದು ಮಳೆಗಾಲದಲ್ಲಿ ಸ್ತ್ರೀಯರ ಭಾನುವಾರ ಬಂತು. ಅಂದು ಆರಾಧನೆಯನ್ನು ಹೆಂಗಸರೇ ನಡೆಸುತ್ತಾರೆ. ಸತ್ಯವೇದದ ಪಾಠ ಓದಲು ಸಲೋಮಿಯನ್ನು ಒಂದು ತಿಂಗಳ ಮೊದಲೇ ಕೇಳಿದ್ದರು. ರೂತಳ ಮೊದಲನೆಯ ಅಧ್ಯಾಯ ಎಂದಾಗ ಅವಳು ಒಪ್ಪಿದ್ದಳು. ಆದರೆ ಅಂದು ಬೆಳಿಗ್ಗೆ ಒಂದು ಕೂಸಿನ ದೀಕ್ಷಾಸ್ನಾನ ನಿಗದಿಯಾಯಿತು. ಸಭಾಪಾಲಕರು ಪಾಠ ಬದಲಿಸಿ, ಮಗುವಿಗಾಗಿ ಅತ್ತು ಬೇಡಿದ ಹನ್ನಳ ಕಥೆ ಎಂದು ಚೀಟಿ ಬರೆದು ಸತ್ಯವೇದದಲ್ಲಿ ಇಟ್ಟರು. ಗೋಡೆಯ ಹಲಗೆಯ ಮೇಲೂ ಬರೆಸಿದರು. ಚೀಟಿ ಬರೆದ ಮೇಲೆ ಬಾಯಿಂದಲೂ ಹೇಳಬೇಕೆಂದು ಅವರಿಗೆ ಹೇಗೆ ಹೊಳೆದೀತು?

ಅಂದು ಹಿಡಿಜೋಳದ ಡಬ್ಬಿಗಳನ್ನೆಲ್ಲ ವೇದಿಯ ಮೆಟ್ಟಿಲ ಬಳಿ ಸಾಲಾಗಿ ಇಟ್ಟಿದ್ದರು. ನಾನು ಎದುರಿಗೇ ಇದ್ದೆ. ಸಲೋಮಿ ಬಂದು ನಿಂತಳು. ಚೀಟಿಯನ್ನು ಮೆಲ್ಲಗೆ ಬದಿಗೆ ಸರಿಸಿ, ತೆರೆದ ಪುಟದ ಮೇಲೆ ಕಣ್ಣಿಟ್ಟು, ರೂತಳ ಕಥೆಯನ್ನು ನೀರು ಹರಿದಂತೆ ಹೇಳತೊಡಗಿದಳು. ನಾಲ್ಕು ವಚನ ಆಗಿರಬೇಕು.

"ಅಕ್ಕಾ, ಅದಲ್ಲ! ಹನ್ನಳದು! ಚೀಟ್ಯಾಗ ನೋಡು, ಬರದಾರ!"

ಜೀವರತ್ನಳ ದನಿ. ಶಾಲೆಯ ಕೋಣೆ ತುಂಬುವಂಥ ದನಿ. ಯಾರೋ ಕಿಸಕ್ಕೆಂದರು. ಇನ್ನೂ ನಾಲ್ಕು ಜನ ಸೇರಿಕೊಂಡರು. ಸಲೋಮಿಯ ಕಾಲ್ಬೆರಳುಗಳು ಒಳಕ್ಕೆ ಮಡಚಿಕೊಂಡದ್ದನ್ನು ನಾನು ನೋಡಿದೆ. ಅವಳು ಪುಟವನ್ನು ನೋಡಿದಳು, ಚೀಟಿಯನ್ನು ನೋಡಿದಳು. ಮತ್ತೆ ನನ್ನ ಪಕ್ಕದಿಂದಲೇ ಇಳಿದು, ಬಾಗಿಲ ಕಡೆ ಹೋದಳು.

ಅಲ್ಲಿಂದ ಅವಳು ದೇವಾಲಯಕ್ಕೆ ಬರುವುದನ್ನೇ ಬಿಟ್ಟಳು. ಜೀವರತ್ನ ಗೋಡೆಯ ಮೇಲಿಂದ "ಅಕ್ಕಾ" ಎಂದರೆ ಉತ್ತರವಿಲ್ಲ. ಗೋಡೆಯ ಆಚೆ ಬೆಳಗಿನ ವಚನದ ದನಿಯೂ ನಿಂತಿತು. ಓಣಿಯವರು ಸಲೋಮಿಗೆ ಸೊಕ್ಕು ಬಂದಿದೆ ಎಂದರು. ಜೀವರತ್ನ ಗಂಡನ ಮುಂದೆ, "ಇದ್ದದ್ದನ್ನ ಹೇಳಿದೆ, ಸುಳ್ಳ ಹೇಳಿದೆನೇನು?" ಎನ್ನುವಳು. ಆದರೆ ಬೆಳಿಗ್ಗೆ ನನ್ನ ಮುಚ್ಚಳ ತೆಗೆದ ಕೈ ಒಂದು ಗಳಿಗೆ ಅಲ್ಲೇ ನಿಲ್ಲುತ್ತಿತ್ತು. ಆಮೇಲೆ ಅವಳು ಒಂದರ ಬದಲು ಎರಡು ಹಿಡಿ ಹಾಕತೊಡಗಿದಳು. ಡಬ್ಬಿಗೆ ಕೈಗಳ ಗುರುತು ಇರುತ್ತದೆ. ಸುವಾರ್ತವ್ವನ ಹಿಡಿ ಸಡಿಲವಾಗಿತ್ತು, ಕಾಳು ತಾನಾಗಿ ಜಾರುತ್ತಿತ್ತು. ಜೀವರತ್ನಳ ಹಿಡಿ ಬಿಗಿಯಾಗಿತ್ತು, ಬೆರಳು ಬಿಡಿಸಿ ಹಾಕಬೇಕಾಗುತ್ತಿತ್ತು. ನನಗೆ ಎಲ್ಲ ಗೊತ್ತಿತ್ತು. ಹೇಳಲು ಬಾಯಿ ಇರಲಿಲ್ಲ.

ಆರು ತಿಂಗಳು ಕಳೆದವು. ಹಿಂಗಾರಿ ಜೋಳ ರಾಶಿಯಾಗಿ ಬೆಳೆ ಹಬ್ಬ ಬಂತು. ಅಂದು ಎಲ್ಲರೂ ಬೆಳೆದದ್ದು, ಸಾಕಿದ್ದು, ಕೂಡಿಟ್ಟದ್ದು ತಂದು ವೇದಿಯ ಮುಂದೆ ಇಡುತ್ತಾರೆ. ಆರಾಧನೆ ಮುಗಿದ ಮೇಲೆ ಅವುಗಳ ಸವಾಲು, ಹೆಚ್ಚು ಬೆಲೆ ಕೂಗಿದವರಿಗೆ ಕೊಡುವುದು. ಜೀವರತ್ನ ಹೊಸ ಜೋಳವನ್ನು ಎರಡು ಸಲ ಹಸನು ಮಾಡಿ ನನ್ನನ್ನು ಕಂಠದವರೆಗೆ ತುಂಬಿ ತಂದಿದ್ದಳು. ನನ್ನ ಎಡಕ್ಕೆ ಒಂದು ಕುಂಬಳಕಾಯಿ, ಬಲಕ್ಕೆ ಕಾಲು ಕಟ್ಟಿದ ಒಂದು ಕೋಳಿ.

ಕಾಣಿಕೆಗಳನ್ನು ಇಡುತ್ತಿದ್ದಂತೆ ಸಭಾಪಾಲಕರು ಮತ್ತಾಯನ ಸುವಾರ್ತೆಯಿಂದ ಒಂದು ಮಾತು ಓದಿದರು. ಪ್ರಭುವಿನ ಬೆಟ್ಟದ ಪ್ರಸಂಗದ ಮಾತು. ವೇದಿಗೆ ಕಾಣಿಕೆ ತಂದಾಗ ನಿನ್ನ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆಯೆಂದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಡು, ಮೊದಲು ಹೋಗಿ ಅವನೊಂದಿಗೆ ಒಂದಾಗು, ಆಮೇಲೆ ಬಂದು ಅರ್ಪಿಸು ಎನ್ನುವ ಮಾತು. "ನೋಡ್ರಿ," ಎಂದರು, "ನಿನ್ನ ಮನಸ್ಸಿನ್ಯಾಗ ಅವನ ಮ್ಯಾಲೆ ಏನೈತಿ ಅಂತ ಪ್ರಭು ಕೇಳಲಿಲ್ಲ. ಅವನ ಮನಸ್ಸಿನ್ಯಾಗ ನಿನ್ನ ಮ್ಯಾಲೆ ಏನೈತಿ ಅಂತ ಕೇಳಿದ."

ಜೀವರತ್ನ ನನ್ನನ್ನು ಇಟ್ಟು ಎರಡು ಹೆಜ್ಜೆ ಹಿಂದೆ ಸರಿದಿದ್ದಳು. ಆ ಪಾದಗಳು ಅಲ್ಲೇ ನಿಂತವು. ಆಮೇಲೆ ತನ್ನ ಜಾಗಕ್ಕೆ ಹೋಗುವ ಬದಲು ನೇರ ಬಾಗಿಲ ಕಡೆ ತಿರುಗಿದವು.

"ಟೀಚರ್ರ, ಆರಾಧನಿ ನಡದೈತಿ, ಎಲ್ಲಿಗಿ ಹೊಂಟ್ರಿ?" ಎಂದರು ಸಭೆಯ ಹಿರಿಯರಾದ ತಿಮೊಥಪ್ಪನವರು.

"ಬಂದೆ ರೀ," ಎಂದಳು. ಹೋದಳು.

ಆರಾಧನೆ ಮುಗಿಯಿತು. ಸವಾಲು ಶುರುವಾಯಿತು. ಕುಂಬಳಕಾಯಿ ಹೋಯಿತು, ಕೋಳಿ ಬೈಯುತ್ತ ಹೋಯಿತು. ತಿಮೊಥಪ್ಪನವರು ನನ್ನನ್ನು ಎತ್ತಿ ಹಿಡಿದು, "ಹೊಸ ಜೋಳ, ಮುತ್ತಿನಂಥಾ ಕಾಳು! ಯಾರು ಕೂಗ್ತೀರಿ?" ಎಂದರು.

"ತಿಮೊಥಪ್ಪನೋರ, ಅದನ್ನ ಅಲ್ಲೇ ಇಡ್ರಿ. ಅದಿನ್ನೂ ಕಾಣಿಕಿ ಆಗಿಲ್ಲ," ಎಂದರು ಸಭಾಪಾಲಕರು.

"ಮತ್ತೇನ್ರಿ ಅಯ್ನೋರ ಇದು?"

"ಸದ್ಯಕ್ಕ ಬರೇ ಜೋಳ."

ಜನ ನಕ್ಕರು, ಚದುರಿದರು. ಸಭಾಪಾಲಕರು ಒಂದು ಬೆಂಚಿನ ಮೇಲೆ ಕುಳಿತರು, ವೇದಿಯ ಮುಂದೆ ನಾನು ಒಬ್ಬನೇ ಉಳಿದೆ. ಅಷ್ಟು ತುಂಬಿಯೂ ನಾನು ಅಷ್ಟು ಬರಿದಾಗಿ ಎಂದೂ ಇರಲಿಲ್ಲ. ಅವಳು ಬರದೇ ಹೋದರೆ? ಬಾಗಿಲು ತೆರೆಯದಿದ್ದರೆ? ಬಿಸಿಲು ಕಿಟಕಿಯಿಂದ ಇಳಿದು ಮೊದಲನೆಯ ಬೆಂಚಿನವರೆಗೆ ಬಂದಿತ್ತು. ಆಗ ಹೊರಗೆ ದನಿ ಕೇಳಿತು.

"ಕೈ ಬಿಡ, ಬರ್ತೀನಿ. ಹಿಟ್ಟಿನ ಕೈ ತೊಳಕೊಳ್ಳಾಕೂ ಬಿಡಲಿಲ್ಲ ನೀ."

"ತೊಳಕೊಳ್ಳಾಕ ಬಿಟ್ಟಿದ್ರ ಒಳಗ ಹೋಗಿ ಕದಾ ಹಾಕ್ಕೋತಿದ್ದಿ ಅಕ್ಕಾ. ನನಗ ಗೊತ್ತಿಲ್ಲೇನು?"

ಇಬ್ಬರೂ ನನ್ನ ಮುಂದೆ ಬಂದು ನಿಂತರು. ಸಲೋಮಿಯ ಪಾದದ ಮೇಲೆ ಜೋಳದ ಹಿಟ್ಟು ಚೆಲ್ಲಿತ್ತು. ಸಭಾಪಾಲಕರು ಏನೋ ನೆನಪಾದವರಂತೆ ಎದ್ದು ಹೊರಗೆ ಹೋದರು.

"ನೀ ತಪ್ಪಾತು ಅಂದಿ, ಛಲೋ ಆತು," ಎಂದಳು ಸಲೋಮಿ. "ಆದ್ರ ತಪ್ಪು ಯಾವುದು ಅಂತ ನಿನಗ ಗೊತ್ತಿಲ್ಲ."

"ಮಂದ್ಯಾಗ ನಿನ್ನ ತಪ್ಪು ಎತ್ತಿ ತೋರಿಸಿದೆ. ಅದಕ್ಕ ಸಿಟ್ಟು ಬಂತು."

"ಸಿಟ್ಟಾಗಿದ್ರ ಎಂಟು ದಿನಕ್ಕ ಇಳೀತಿತ್ತು. ನನಗ ಬಂದದ್ದು ಅಂಜಿಕಿ. ಎಲ್ಲಾರಿಗೂ ಗೊತ್ತಾತು ಅಂತ ಓಡಿದೆ." ಅವಳು ಬಾಗಿಲ ಕಡೆ ತಿರುಗಿ ನೋಡಿದಳು. ಆಮೇಲೆ ದನಿ ತಗ್ಗಿಸಿದಳು. "ಆ ಚೀಟಿ ನಾ ಹೆಂಗ ಓದ್ಲಿ? ನನಗ ಓದಾಕ ಬರಂಗಿಲ್ಲ, ರತ್ನಾ."

ಜೀವರತ್ನ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಆಗ ನನಗೆ ಅವಳ ಮುಖ ಕಂಡಿತು. ಬಾಯಿ ತೆರೆದಿತ್ತು. ಆ ಬಾಯಿಂದ ಮಾತು ಬರದೇ ಇದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಇಷ್ಟು ವರ್ಷ... ಯಾರಿಗೂ ಗೊತ್ತಿರಲಿಲ್ಲ?"

"ಅತ್ತಿಗಿ ಗೊತ್ತಿತ್ತು. ಈ ಡಬ್ಬಿಗಿ ಗೊತ್ತಿತ್ತು," ಎಂದು ಸಲೋಮಿ ಹಿಟ್ಟಿನ ಕೈಯನ್ನು ನನ್ನ ಮೇಲಿಟ್ಟಳು. ಅವಳಿಗೆ ನಗು ಬಂತು, ನಗುತ್ತಲೇ ಅಳು ಬಂತು.

"ನಾ ಕಲಸ್ತೀನಿ ಅಕ್ಕಾ. ನಾಳೆಯಿಂದಾನ—"

"ನೋಡು, ಮತ್ತ ಟೀಚರಾದಿ! ಮದಲ ಒಂದೀಟು ತಂಗಿಯಾಗಿ ಕೂಡು."

ಅವಳೂ ಮೆಟ್ಟಿಲ ಮೇಲೆ ಕುಳಿತಳು. ಬಹಳ ಹೊತ್ತಾದ ಮೇಲೆ ಇಬ್ಬರೂ ಸೇರಿ ನನ್ನನ್ನು ಎತ್ತಿ ವೇದಿಯ ಮೇಲಿಟ್ಟರು. ಒಳಗೆ ಬಂದ ಸಭಾಪಾಲಕರು ನನ್ನನ್ನೂ ಅವರನ್ನೂ ನೋಡಿ, "ಈಗ ಆತು," ಎಂದಷ್ಟೇ ಅಂದರು.

ಆ ಜೋಳವನ್ನು ದೇವಾಲಯದಲ್ಲಿ ಸುರಿದುಕೊಂಡು ನನ್ನನ್ನು ಮನೆಗೆ ಕಳಿಸಿದರು, ನನ್ನೊಳಗೆ ಹೊಸ ಹಿಡಿಜೋಳ ಬೀಳತೊಡಗಿತು. ಅಡುಗೆಮನೆಯ ನಡುವಿನ ಗೋಡೆಯನ್ನು ಯಾರೂ ಕೆಡವಲಿಲ್ಲ. ಆದರೆ ದಿನಾ ಬೆಳಿಗ್ಗೆ ಸಲೋಮಿ ಈಚೆ ಬರತೊಡಗಿದಳು. ಮೊದಲ ದಿನ ಜೀವರತ್ನ ಪಾಟಿ ತೆಗೆದಿಟ್ಟಿದ್ದಳು. ಸಲೋಮಿ ಅದನ್ನು ಮುಟ್ಟಲಿಲ್ಲ. ನನ್ನ ಮುಚ್ಚಳ ತೆಗೆದು, ಒಂದು ಹಿಡಿ ಜೋಳ ಹೊರತೆಗೆದು, ಮೊರದ ಮೇಲೆ ಹರವಿದಳು. ತುಂಬಿದ ಕೈ ನನ್ನಿಂದ ಹೊರಬಂದದ್ದು ಅದೇ ಮೊದಲು.

"ಅಕ್ಕಾ, ದೇವರ ಪಾಲು ಅದು!" ಜೀವರತ್ನಳಿಗೆ ಜೀವ ಹಾರಿದಂತಾಯಿತು.

"ಬರದು ತಿರುಗಿ ಹಾಕ್ತೀನಲ್ಲ? ಒಂದ ಕಾಳು ತಿಂದ್ರ ಕೇಳು. ಅತ್ತಿ ಇದ್ರಾಗ ಹಾಕಿ ಕಲಿಸಿದ್ರು, ನೀ ಇದ್ರಾಗಿಂದ ತಗದು ಕಲಸು."

ಅವಳು ಮೊದಲು ಕೇಳಿದ್ದು ಅಕಾರವನ್ನಲ್ಲ, ರೂತ ಎನ್ನುವ ಹೆಸರನ್ನು. ಜೀವರತ್ನ ಅವಳ ಬೆರಳು ಹಿಡಿದು ಕಾಳಿನ ನಡುವೆ ಗೆರೆ ಎಳೆಸಿದಳು. ಕಾಳು ಉರುಳಿ ಅಕ್ಷರ ಮುಚ್ಚಿಹೋಗುತ್ತಿತ್ತು. ಮತ್ತೆ ಎಳೆಯುವರು. ಮುಗಿದ ಮೇಲೆ ಸಲೋಮಿ ಆ ಹಿಡಿಯನ್ನು ನನ್ನೊಳಗೆ ಸುರಿದು, ಅದರ ಮೇಲೆ ತನ್ನದೊಂದು ಹಿಡಿ ಹಾಕುವಳು.

ಮುಂದಿನ ಸ್ತ್ರೀಯರ ಭಾನುವಾರಕ್ಕೆ ಪಾಠ ಓದುವವರು ಯಾರು ಎಂಬ ಮಾತು ಬಂದಾಗ ಸಲೋಮಿ, "ನಾನ ಓದ್ತೀನಿ," ಎಂದಳು. ಅಂದೂ ನಾನು ಮೆಟ್ಟಿಲ ಬಳಿ ಇದ್ದೆ. ಅವಳು ರೂತಳ ಕಥೆಯ ಪುಟದ ಮೇಲೆ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದಳು. ಸಭೆಗೆ ಏನಾಗುತ್ತಿದೆ ಎಂದು ಮೆಲ್ಲಗೆ ತಿಳಿಯಿತು. ಎರಡನೆಯ ವಚನದಲ್ಲಿ ಒಂದು ಒತ್ತಕ್ಷರದ ಮುಂದೆ ಅವಳು ನಿಂತಳು. ಮತ್ತೆ ಯತ್ನಿಸಿದಳು. ಮತ್ತೆ ನಿಂತಳು.

ಮುಂದಿನ ಬೆಂಚಿನಲ್ಲಿ ಜೀವರತ್ನಳ ಪಾದಗಳು. ಆ ಶಬ್ದ ಅವಳ ಬಾಯ ತುದಿಯಲ್ಲಿತ್ತು ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ಅವಳ ಕಾಲ್ಬೆರಳುಗಳು ಒಳಕ್ಕೆ ಮಡಚಿಕೊಂಡವು. ಅವಳು ಸುಮ್ಮನಿದ್ದಳು. ಯಾರೂ ನಗಲಿಲ್ಲ.

ಸಲೋಮಿ ಸತ್ಯವೇದವನ್ನು ಮುಚ್ಚಿದಳು. "ನನಗ ಸದ್ಯಕ್ಕ ಇಷ್ಟ ಓದಾಕ ಬರತೈತಿ," ಎಂದಳು. "ಉಳಿದದ್ದು ನಮ್ಮತ್ತಿ ಕಲಿಸಿದಂಗ ಬಾಯಿಲೆ ಹೇಳ್ತೀನಿ." ಮುಚ್ಚಿದ ಪುಸ್ತಕದ ಮೇಲೆ ಕೈಯಿಟ್ಟು, ಸಭೆಯ ಮುಖ ನೋಡುತ್ತ, ಕೊನೆಯ ವಚನದವರೆಗೆ ಹೇಳಿದಳು.

ಇದೆಲ್ಲ ಆಗಿ ಬಹಳ ಕಾಲವಾಯಿತು. ನನ್ನ ತಳಕ್ಕೆ ತುಕ್ಕು ಹಿಡಿದು ತೂತು ಬಿತ್ತು, ಕಾಳು ಸೋರತೊಡಗಿತು. ಮನೆಗೆ ಸ್ಟೀಲಿನ ಡಬ್ಬಿ ಬಂತು. ನನ್ನನ್ನು ಗುಜರಿಗೆ ಹಾಕಲು ಇಬ್ಬರಿಗೂ ಮನಸ್ಸು ಬರಲಿಲ್ಲ. ಈಗ ನಾನು ದೇವಾಲಯದ ಹಿಂದಿನ ಕೋಣೆಯಲ್ಲಿ, ಉರಿದುಳಿದ ಮೇಣದಬತ್ತಿಯ ತುಂಡುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಕುಳಿತಿದ್ದೇನೆ. ಇಲ್ಲಿಂದಲೂ, ತೆರೆದ ಬಾಗಿಲಿನಾಚೆ, ಪಾದಗಳು ಕಾಣುತ್ತವೆ. ಕಾಣಿಕೆ ಹಿಡಿದು ವೇದಿಯ ಕಡೆ ನಡೆಯುವ ಪಾದಗಳನ್ನು ನೋಡುವಾಗ ನನಗೆ ಈಗಲೂ ಒಂದು ಕಾತರ. ಇವರಲ್ಲಿ ಯಾರು ಅರ್ಧದಲ್ಲಿ ನಿಲ್ಲುತ್ತಾರೆ, ಯಾರು ಬಾಗಿಲ ಕಡೆ ತಿರುಗುತ್ತಾರೆ ಎಂದು ನೋಡುತ್ತಿರುತ್ತೇನೆ. ತಿರುಗಿ ಹೋದವರು ಮರಳಿ ಬರುವವರೆಗೆ ಅವರ ಕಾಣಿಕೆಯ ಜೊತೆಗೆ ನಾನೂ ಕಾಯುತ್ತೇನೆ. ಆ ಕಾಯುವಿಕೆ ನನಗೆ ಗೊತ್ತು.

ಶನಿವಾರ ಕಸಗುಡಿಸಲು ಬರುವ ಜೀವರತ್ನ ಕೆಲವೊಮ್ಮೆ ನನ್ನ ಮುಚ್ಚಳ ತೆಗೆದು ಆ ಅರ್ಧ ಹೂವನ್ನು ನೋಡುತ್ತಾಳೆ. ಹೂವಿನ ಕೆಳಗೆ, ಬೆಸುಗೆಯ ಸಂದಿನಲ್ಲಿ, ಮೂರು ಜೋಳದ ಕಾಳು ಸಿಕ್ಕಿಕೊಂಡಿವೆ. ಅವಳು ಉಗುರಿನಿಂದ ಅವನ್ನು ಎಬ್ಬಿಸಲು ನೋಡುತ್ತಾಳೆ. ಅವು ಬರುವುದಿಲ್ಲ. ಅವಳು ಒತ್ತಾಯ ಮಾಡದೆ ಮುಚ್ಚಳ ಹಾಕುತ್ತಾಳೆ.